ಹಾಲಿನ ಕೇಂದ್ರಗಳ ಸೆನ್ಸರ್ ಡೇಟಾ: ಕಸಾಂಡ್ರಾದಲ್ಲಿ ಪಾರ್ಟಿಷನ್ 2 ಜಿಬಿ ದಾಟಿದೆ, ಟೇಬಲ್ ಹೇಗೆ ಬದಲಾಯಿಸಲಿ?

ಬಿಎಂಸಿ_ಬ್ಯಾಕೆಂಡ್, ಮೈಸೂರು

ಎಲ್ಲರಿಗೂ ನಮಸ್ಕಾರ. ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಂಪನಿಯಲ್ಲಿ ನನ್ನ ಕೆಲಸ. ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ಹಾಲು ತಣ್ಣಗಿಡುವ ಕೇಂದ್ರಗಳಿವೆಯಲ್ಲ, ಬಿಎಂಸಿ ಅಂತಾರೆ, ಅವುಗಳ ಟ್ಯಾಂಕಿಗೆ ಸೆನ್ಸರ್ ಹಾಕಿದ್ದೇವೆ. ಒಟ್ಟು 200 ಕೇಂದ್ರ. ಒಂದೊಂದರಲ್ಲೂ ನಾಲ್ಕು ಸೆನ್ಸರ್: ಹಾಲಿನ ಉಷ್ಣತೆ, ಟ್ಯಾಂಕಿನ ಮಟ್ಟ, ಕರೆಂಟ್ ಇದೆಯೋ ಇಲ್ಲವೋ, ಕಂಪ್ರೆಸರ್ ಓಡುತ್ತಿದೆಯೋ ಇಲ್ಲವೋ. ಹತ್ತು ಸೆಕೆಂಡಿಗೊಮ್ಮೆ ನಾಲ್ಕೂ ರೀಡಿಂಗ್ ಬರುತ್ತವೆ.

ಡೇಟಾ ಇರುವುದು ಅಪಾಚೆ ಕಸಾಂಡ್ರಾದಲ್ಲಿ, ಅಂದ್ರೆ ಹಲವು ಮೆಷಿನ್‌ಗಳಿಗೆ ಡೇಟಾ ಹಂಚಿಡುವ ಡೇಟಾಬೇಸ್‌ನಲ್ಲಿ. ಮೂರು ನೋಡ್ (ಮೆಷಿನ್), ರೆಪ್ಲಿಕೇಷನ್ ಫ್ಯಾಕ್ಟರ್ 3 (ಎಲ್ಲ ಡೇಟಾಗೂ ಮೂರು ಪ್ರತಿ), ನೋಡ್‌ಗೆ 500 ಜಿಬಿ ಡಿಸ್ಕ್. ನಾನು ಸೇರುವ ಮೊದಲೇ ಮಾಡಿದ ಟೇಬಲ್ ಇದು:

ಪಾರ್ಟಿಷನ್ ಕೀ (ಒಂದೇ ಕೀ ಇರುವ ಸಾಲುಗಳೆಲ್ಲ ಸೇರಿ ಒಂದು ಪಾರ್ಟಿಷನ್): ಕೇಂದ್ರ
ಕ್ಲಸ್ಟರಿಂಗ್ ಕಾಲಂ (ಪಾರ್ಟಿಷನ್ ಒಳಗೆ ಸಾಲುಗಳ ಕ್ರಮ): ಸಮಯ, ಸೆನ್ಸರ್
ಉಳಿದವು: ರೀಡಿಂಗ್, ಯೂನಿಟ್, ಸ್ಥಿತಿ

ಎರಡು ವರ್ಷದ ಡೇಟಾ ಸೇರಿದೆ. ಪ್ರತಿ ನೋಡ್‌ನಲ್ಲೂ 340 ಜಿಬಿ ತುಂಬಿದೆ. ಕಂಪ್ಯಾಕ್ಷನ್ (ಡಿಸ್ಕ್‌ನ ಫೈಲ್‌ಗಳನ್ನು ಕೂಡಿಸಿ ಹೊಸದಾಗಿ ಬರೆಯುವ ಕೆಲಸ) ನಡೆದಾಗಲೆಲ್ಲ ದೊಡ್ಡ ಪಾರ್ಟಿಷನ್ ಬಗ್ಗೆ ಲಾಗ್‌ನಲ್ಲಿ ಎಚ್ಚರಿಕೆ ಸಾಲುಗಟ್ಟಿ ಬರುತ್ತದೆ. ಕೆಲವು ಪಾರ್ಟಿಷನ್ 2 ಜಿಬಿ ದಾಟಿವೆ. ಬೆಳಿಗ್ಗೆ ಎಲ್ಲರೂ ಡ್ಯಾಶ್‌ಬೋರ್ಡ್ ನೋಡುವ ಹೊತ್ತಿಗೇ ಅದು ನಿಧಾನ.

ಟೇಬಲ್ ಹೇಗೆ ಬದಲಾಯಿಸಬೇಕು ಅನ್ನುವುದು ಒಂದು ಪ್ರಶ್ನೆ. ಇನ್ನೊಂದು, ವರ್ಷಕ್ಕಿಂತ ಹಳೆಯದನ್ನೆಲ್ಲ ಡಿಲೀಟ್ ಮಾಡಿ ಜಾಗ ಮಾಡಿಕೊಳ್ಳಿ ಅಂತ ಮೇಲಿನವರು ಹೇಳುತ್ತಿದ್ದಾರೆ. ಈ ವಾರವೇ ಮಾಡಬೇಕಂತೆ. ಮಾಡಲಾ?

ಕುವೆಂಪುನಗರ_ಕೆ

ಡಿಲೀಟ್ ಮಾತ್ರ ಮಾಡಬೇಡಿ. ಉಳಿದದ್ದನ್ನು ಸಂಜೆ ಬರೆಯುತ್ತೇನೆ, ಅಲ್ಲಿಯವರೆಗೆ ಅವರನ್ನು ತಡೆಯಿರಿ.

ಮದ್ದೂರಿನವ

ಯಾಕೆ ಗಾಬರಿ? ಕಸಾಂಡ್ರಾದಲ್ಲಿ ಒಂದು ಪಾರ್ಟಿಷನ್‌ಗೆ 200 ಕೋಟಿ ಸೆಲ್ (ಒಂದು ಸಾಲಿನ ಒಂದು ಕಾಲಂನ ಮೌಲ್ಯ) ಹಿಡಿಯುತ್ತದೆ ಅಂತ ಅವರ ದಾಖಲೆಯಲ್ಲೇ ಇದೆ. ನಿಮ್ಮದು ಲೆಕ್ಕ ಹಾಕಿ. ದಿನಕ್ಕೆ 8,640 ಸಲ ನಾಲ್ಕು ಸೆನ್ಸರ್, 34,560 ಸಾಲು. ವರ್ಷಕ್ಕೆ ಸುಮಾರು 1.26 ಕೋಟಿ. ಸಾಲಿಗೆ ಮೂರು ಸೆಲ್ ಅಂದ್ರೂ ಮಿತಿ ಮುಟ್ಟುವುದಕ್ಕೆ ಐವತ್ತು ವರ್ಷ ಮೇಲೆ ಬೇಕು. ಡಿಸ್ಕ್ ಒಂದು ಟಿಬಿಗೆ ಏರಿಸಿ, ಸುಮ್ನೆ ಕೆಲಸ ನೋಡಿಕೊಳ್ಳಿ.

ಪಾಂಡವಪುರ_ಪಿ

ಮದ್ದೂರಿನವರೇ, ಲೆಕ್ಕ ಸರಿ, ತೀರ್ಮಾನ ತಪ್ಪು. 200 ಕೋಟಿ ಅನ್ನುವುದು ಅದಕ್ಕಿಂತ ಜಾಸ್ತಿ ಬರೆಯಲಿಕ್ಕೇ ಆಗದ ಗಡಿ. ನೆಮ್ಮದಿಯಿಂದ ಓಡುವ ಗಡಿ ಬೇರೆ. ಅನುಭವಸ್ಥರು ಹೇಳುವುದು ಪಾರ್ಟಿಷನ್‌ಗೆ 100 ಎಂಬಿ ಒಳಗೆ, ಲಕ್ಷ ಸಾಲಿನ ಆಸುಪಾಸು. ಕಂಪ್ಯಾಕ್ಷನ್ ಎಚ್ಚರಿಕೆ ಕೊಡುವುದೂ ತಾನಾಗಿ 100 ಎಂಬಿಗೇ. ಇವರ ಸಾಲು ಸುಮಾರು 100 ಬೈಟ್ ಅಂದುಕೊಳ್ಳಿ. ದಿನಕ್ಕೆ 3.5 ಎಂಬಿ. ಒಂದು ತಿಂಗಳಿಗೇ ಆ ಗಡಿ ದಾಟಿತು. ಎರಡು ವರ್ಷಕ್ಕೆ ಎರಡೂವರೆ ಜಿಬಿ. ಲಾಗ್‌ನಲ್ಲಿ ಕಾಣುತ್ತಿರುವುದು ಅದೇ.

ಒಂದು ಟಿಬಿ ಡಿಸ್ಕ್ ಹಾಕಿದರೂ ಪಾರ್ಟಿಷನ್ ಸಣ್ಣದಾಗುವುದಿಲ್ಲ, ಅಲ್ವಾ?

ಮದ್ದೂರಿನವ

ದೊಡ್ಡದಾದರೆ ಏನಾಗುತ್ತದೆ ಅದನ್ನು ಹೇಳಿ. 100 ಎಂಬಿ ಅಂತ ಎಲ್ಲರೂ ಹೇಳುತ್ತಾರೆ, ಯಾಕೆ ಅಂತ ಯಾರೂ ಹೇಳುವುದಿಲ್ಲ.

ಪಾಂಡವಪುರ_ಪಿ

ನ್ಯಾಯವಾದ ಪ್ರಶ್ನೆ. ನನಗೆ ಗೊತ್ತಿರುವುದು ಇಷ್ಟು.

ಒಂದು ಪಾರ್ಟಿಷನ್ ಪೂರ್ತಿಯಾಗಿ ಒಂದೇ ನೋಡ್‌ನಲ್ಲಿ ಇರಬೇಕು, ಅದರ ಪ್ರತಿಗಳೂ ಹಾಗೇ. ಅರ್ಧ ಇಲ್ಲಿ ಅರ್ಧ ಅಲ್ಲಿ ಅಂತ ಹಂಚುವುದಿಲ್ಲ. ಹೊಸ ನೋಡ್ ಸೇರಿಸಿದಾಗ ಪಾರ್ಟಿಷನ್‌ಗಳು ಹಂಚಿಕೆಯಾಗುತ್ತವೆ, ಆದರೆ 2 ಜಿಬಿಯದು 2 ಜಿಬಿಯಾಗಿಯೇ ಹೋಗಿ ಕೂರುತ್ತದೆ.

ಆಮೇಲೆ ರಿಪೇರ್, ಅಂದ್ರೆ ಪ್ರತಿಗಳನ್ನು ಹೋಲಿಸಿ ಸರಿಪಡಿಸುವ ಕೆಲಸ. ಪ್ರತಿಗಳನ್ನು ಹೋಲಿಸುವಾಗ ಕಸಾಂಡ್ರಾ ಒಂದೊಂದು ಸಾಲನ್ನು ನೋಡುವುದಿಲ್ಲ. ಮರ್ಕಲ್ ಟ್ರೀ (ಡೇಟಾದ ಹ್ಯಾಶ್ ಗುರುತುಗಳ ಮರ) ಕಟ್ಟಿ ಪಾರ್ಟಿಷನ್‌ಗಳ ಗುಂಪನ್ನೇ ಹೋಲಿಸುತ್ತದೆ. ಒಂದು ಸಾಲು ಬೇರೆ ಬಂದರೂ ಆ ಗುಂಪು ಪೂರ್ತಿ ನೆಟ್‌ವರ್ಕ್ ಮೇಲೆ ಹರಿಯಬೇಕು. 3 ಎಂಬಿ ಹರಿದರೆ ಯಾರಿಗೂ ಗೊತ್ತಾಗುವುದಿಲ್ಲ. 2 ಜಿಬಿ ಹರಿದರೆ ಡ್ಯಾಶ್‌ಬೋರ್ಡ್ ಮಲಗುತ್ತದೆ.

ಹಳೇ ಆವೃತ್ತಿಗಳಲ್ಲಿ ದೊಡ್ಡ ಪಾರ್ಟಿಷನ್‌ನ ಇಂಡೆಕ್ಸ್ ಎಲ್ಲ ಜಾವಾ ಹೀಪ್‌ಗೆ (ಪ್ರೋಗ್ರಾಂನ ಮೆಮೊರಿ) ಬಂದು, ಮೆಮೊರಿ ತೆರವು ಮಾಡುವ ಗಾರ್ಬೇಜ್ ಕಲೆಕ್ಷನ್ ಹೊಡೆತ ಬೇರೆ ಬೀಳುತ್ತಿತ್ತು. 3.6ರಲ್ಲಿ ಅದು ಸುಧಾರಿಸಿತು. ಹಾಗಾಗಿ ಇವತ್ತು 100 ಎಂಬಿ ದಾಟಿದ ಕ್ಷಣ ಆಕಾಶ ಕಳಚಿ ಬೀಳುವುದಿಲ್ಲ. ಆದರೆ ಕಾಲ ಕಳೆದಂತೆ ಬೆಳೆಯುತ್ತಲೇ ಹೋಗುವ ಪಾರ್ಟಿಷನ್ ಯಾವ ಆವೃತ್ತಿಯಲ್ಲೂ ಒಳ್ಳೆಯದಲ್ಲ. ಇವರ ಕೀಯಲ್ಲಿ ಸಮಯದ ಅಂಶವೇ ಇಲ್ಲ. ಕೇಂದ್ರ ಮುಚ್ಚುವ ತನಕ ಅದು ಬೆಳೆಯುತ್ತದೆ.

ಚಾಮುಂಡಿ_ಮೆಟ್ಟಿಲು

ನಾನಿನ್ನೂ ಇಂಜಿನಿಯರಿಂಗ್ ಓದುತ್ತಿದ್ದೇನೆ. ಹಾಗಿದ್ರೆ ಪಾರ್ಟಿಷನ್ ಕೀಯನ್ನು ದಿನಾಂಕ ಮಾಡಿದರೆ ಆಯಿತಲ್ಲ ಸರ್? ದಿನಾ ಹೊಸ ಪಾರ್ಟಿಷನ್ ಶುರುವಾಗುತ್ತದೆ.

ಪಾಂಡವಪುರ_ಪಿ

ತಮ್ಮಾ, ಬರೀ ದಿನಾಂಕ ಇಟ್ಟರೆ ಇನ್ನೂರು ಕೇಂದ್ರದ ಇವತ್ತಿನ ಡೇಟಾ ಎಲ್ಲ ಒಂದೇ ಪಾರ್ಟಿಷನ್‌ಗೆ ಹೋಗುತ್ತದೆ. ಕಬ್ಬು ಅರೆಯುವ ಕಾಲದಲ್ಲಿ ಜಿಲ್ಲೆಯ ಎಲ್ಲ ಗಾಡಿಗಳೂ ಒಂದೇ ವೇಬ್ರಿಡ್ಜ್ ಮುಂದೆ ನಿಂತ ಹಾಗೆ. ಉಳಿದ ವೇಬ್ರಿಡ್ಜ್ ಖಾಲಿ. ನೋಡ್ ಹತ್ತು ಇದ್ದರೂ ಇವತ್ತಿನ ಬರಹ ಹೊರುವುದು ಆ ಪ್ರತಿಗಳಿರುವ ಮೂರು ಮಾತ್ರ. ಸಾಲದ್ದಕ್ಕೆ ದಿನಕ್ಕೇ 700 ಎಂಬಿ ಆಗುತ್ತದೆ.

ಎಚ್‌ಬೇಸ್ ಅನ್ನುವ ಇನ್ನೊಂದು ಡೇಟಾಬೇಸ್‌ನಲ್ಲೂ ಇದೇ ಕಾಯಿಲೆ. ಅಲ್ಲಿ ಸಾಲುಗಳು ಕೀ ಪ್ರಕಾರ ಜೋಡಿಸಿರುತ್ತವೆ. ಕೀ ಸಮಯದಿಂದ ಶುರುವಾದರೆ ಹೊಸ ಬರಹವೆಲ್ಲ ಒಂದೇ ತುಂಡಿಗೆ, ಅಂದ್ರೆ ಕೊನೆಯ ರೀಜನ್‌ಗೇ ಬೀಳುತ್ತದೆ. ಅದಕ್ಕೇ ಅಲ್ಲಿ ಕೀ ಮುಂದೆ ಒಂದು ಉಪ್ಪಿನ ಅಂಕಿ ಸೇರಿಸುತ್ತಾರೆ, ಸಾಲ್ಟಿಂಗ್ ಅಂತ.

ಎರಡೂ ಸೇರಿಸು: ಕೇಂದ್ರ ಮತ್ತು ದಿನ. ಕೇಂದ್ರ ಹಂಚುತ್ತದೆ, ದಿನ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ. ಚಾಟ್ ಆ್ಯಪ್ ಡಿಸ್ಕಾರ್ಡ್‌ನವರು 2017ರಲ್ಲಿ ಬರೆದದ್ದು ಸಿಕ್ಕರೆ ಓದು. ಅವರು ಚಾನೆಲ್ ಜೊತೆಗೆ ಹತ್ತು ದಿನದ ಬಕೆಟ್ (ಕಾಲದ ತುಂಡು) ಇಟ್ಟರು. ಕಾರಣ ಇದೇ, 100 ಎಂಬಿ ದಾಟಬಾರದು ಅಂತ.

ರಿಂಗ್‌ರೋಡ್

ಇಷ್ಟೆಲ್ಲ ಒದ್ದಾಟ ಯಾಕೆ? ಅಮೆಜಾನ್‌ನವರೇ ನಡೆಸುವ ಡೇಟಾಬೇಸ್ ಡೈನಮೋಡಿಬಿಗೆ ಹೋಗಿ. ಡಿಸ್ಕ್ ಎಷ್ಟು ತುಂಬಿತು ಅಂತ ನೋಡುವ ಕೆಲಸವೇ ಇಲ್ಲ.

ಪಾಂಡವಪುರ_ಪಿ

ಮಿತಿ ಇಲ್ಲದ ಡೇಟಾಬೇಸ್ ಇಲ್ಲ ಸ್ವಾಮಿ. ಡೈನಮೋಡಿಬಿಯಲ್ಲಿ ಒಂದು ಐಟಂ (ಸಾಲು) 400 ಕೆಬಿ ದಾಟುವ ಹಾಗಿಲ್ಲ, ಅದರಲ್ಲಿ ಆಟ್ರಿಬ್ಯೂಟ್ ಹೆಸರಿನ ಉದ್ದವೂ ಸೇರಿರುತ್ತದೆ. ಒಂದು ಪಾರ್ಟಿಷನ್‌ಗೆ ಸೆಕೆಂಡಿಗೆ 1,000 ರೈಟ್ ಯೂನಿಟ್, 3,000 ರೀಡ್ ಯೂನಿಟ್. ಲೋಕಲ್ ಸೆಕೆಂಡರಿ ಇಂಡೆಕ್ಸ್ (ಅದೇ ಪಾರ್ಟಿಷನ್ ಕೀ ಒಳಗೆ ಬೇರೆ ಕ್ರಮದಲ್ಲಿ ಹುಡುಕುವ ಪಟ್ಟಿ) ಇಟ್ಟರೆ ಒಂದು ಪಾರ್ಟಿಷನ್ ಕೀ ಕೆಳಗಿನ ಎಲ್ಲವೂ ಸೇರಿ 10 ಜಿಬಿ ಒಳಗಿರಬೇಕು. ಒಂದು ಕ್ವೆರಿ ಒಂದು ಸಲಕ್ಕೆ 1 ಎಂಬಿ ಓದಿ ನಿಲ್ಲುತ್ತದೆ, ಮುಂದಿನದಕ್ಕೆ ಮತ್ತೆ ಕೇಳಬೇಕು. ಬರಿ ದಿನಾಂಕದ ಕೀ ಇಟ್ಟು ಅಲ್ಲಿಗೆ ಹೋದರೆ ಅಲ್ಲೂ ಅದೇ ತೊಂದರೆ.

ರಿಂಗ್‌ರೋಡ್

ಒಪ್ಪಿದೆ. ಆದರೆ ರಾತ್ರಿ ಎರಡು ಗಂಟೆಗೆ ಡಿಸ್ಕ್ ತುಂಬಿತು ಅಂತ ಫೋನ್ ಬರುವುದಿಲ್ಲ. ಅವಧಿ ಮುಗಿದ ಐಟಂಗಳನ್ನು ಅದೇ ಅಳಿಸುತ್ತದೆ, ಅದಕ್ಕೆ ದುಡ್ಡೂ ಇಲ್ಲ. ಸಣ್ಣ ತಂಡಕ್ಕೆ ಅದು ದೊಡ್ಡ ವಿಷಯ. ಅದನ್ನು ತಳ್ಳಿಹಾಕಬೇಡಿ.

ಕುವೆಂಪುನಗರ_ಕೆ

ಈಗ ಕೂತು ಬರೆಯುತ್ತಿದ್ದೇನೆ. ಮೊದಲು ಡಿಲೀಟ್ ವಿಷಯ.

ಕಸಾಂಡ್ರಾದಲ್ಲಿ ಡಿಲೀಟ್ ಅಂದ್ರೆ ಅಳಿಸುವುದಲ್ಲ, ಬರೆಯುವುದು. ಡೇಟಾ ಇರುವ ಎಸ್‌ಎಸ್‌ಟೇಬಲ್ ಫೈಲ್‌ಗಳನ್ನು ಒಮ್ಮೆ ಬರೆದ ಮೇಲೆ ತಿದ್ದುವುದಿಲ್ಲ. 'ಇದು ಸತ್ತಿದೆ' ಅನ್ನುವ ಗುರುತನ್ನು ಹೊಸ ಫೈಲ್‌ಗೆ ಬರೆಯುತ್ತದೆ, ಅದೇ ಟೂಂಬ್‌ಸ್ಟೋನ್. ಆ ಗುರುತು ಕನಿಷ್ಠ ಹತ್ತು ದಿನ ಉಳಿಯುತ್ತದೆ. ಜಿಸಿ ಗ್ರೇಸ್ ಅನ್ನುವ ಸೆಟ್ಟಿಂಗ್ ತಾನಾಗಿ 8,64,000 ಸೆಕೆಂಡ್ ಇರುತ್ತದೆ. ಕೆಟ್ಟು ನಿಂತಿದ್ದ ನೋಡ್ ವಾಪಸ್ ಬಂದು ಸತ್ತ ಡೇಟಾವನ್ನು ಮತ್ತೆ ಎಬ್ಬಿಸಬಾರದು ಅಂತ ಈ ಕಾಯುವಿಕೆ. ಹಾಗಾಗಿ ಇವತ್ತು ಅರ್ಧ ಟೇಬಲ್ ಡಿಲೀಟ್ ಮಾಡಿದರೆ ನಾಳೆ ಡಿಸ್ಕ್ ಕಡಿಮೆಯಾಗುವುದಿಲ್ಲ, ಇನ್ನೂ ಸ್ವಲ್ಪ ಜಾಸ್ತಿಯಾಗುತ್ತದೆ.

ಒಂದೊಂದೇ ಸಾಲು ಡಿಲೀಟ್ ಮಾಡಿದರಂತೂ ಮುಗಿಯಿತು. ಆ ಭಾಗವನ್ನು ಓದುವ ಕ್ವೆರಿ 1,000 ಟೂಂಬ್‌ಸ್ಟೋನ್ ಕಂಡಾಗ ಎಚ್ಚರಿಕೆ ಕೊಡುತ್ತದೆ, ಒಂದು ಲಕ್ಷ ದಾಟಿದರೆ ಕ್ವೆರಿಯನ್ನೇ ನಿಲ್ಲಿಸುತ್ತದೆ. ಮೂರು ದಿನದ ಡೇಟಾ ಸಾಲುಸಾಲಾಗಿ ಅಳಿಸಿದರೆ ನಿಮ್ಮ ಲೆಕ್ಕದಲ್ಲೇ ಒಂದು ಕೇಂದ್ರಕ್ಕೆ ಲಕ್ಷ ದಾಟಿತು. 'ಈ ಸಮಯಕ್ಕಿಂತ ಹಿಂದಿನದೆಲ್ಲ' ಅಂತ ರೇಂಜ್ ಡಿಲೀಟ್ ಕೊಟ್ಟರೆ ಪಾರ್ಟಿಷನ್‌ಗೆ ಒಂದೇ ಗುರುತು, ಅದು ವಾಸಿ. ಆದರೂ ಹಳೇ ದೊಡ್ಡ ಫೈಲ್‌ಗಳ ಜೊತೆ ಆ ಗುರುತು ಕಂಪ್ಯಾಕ್ಷನ್‌ನಲ್ಲಿ ಕೂಡುವ ತನಕ ಜಾಗ ಬಿಡುಗಡೆಯಾಗದು.

ನೀವು ಯಾವ ಕಂಪ್ಯಾಕ್ಷನ್ ಅಂತ ಹೇಳಿಲ್ಲ. ಸೈಜ್ ಟಿಯರ್ಡ್ ಇದ್ದರೆ, ಅದೇ ತಾನಾಗಿ ಇರುವುದು, ಒಂದೇ ಅಳತೆಯ ಫೈಲ್‌ಗಳು ಕೂಡಿದಾಗಲೇ ಕಂಪ್ಯಾಕ್ಷನ್. ದೊಡ್ಡ ಫೈಲ್‌ಗೆ ಜೊತೆ ಸಿಗದೆ ತಿಂಗಳುಗಟ್ಟಲೆ ಹಾಗೇ ಬಿದ್ದಿರುತ್ತದೆ. ಬಲವಂತವಾಗಿ ಮೇಜರ್ ಕಂಪ್ಯಾಕ್ಷನ್ (ಎಲ್ಲ ಫೈಲ್ ಒಟ್ಟಿಗೆ ಕೂಡಿಸುವುದು) ಓಡಿಸಿದರೆ ಹಳೆಯದು ಇರುವಾಗಲೇ ಹೊಸ ಫೈಲ್ ಬರೆಯಬೇಕು. ಅದಕ್ಕೇ ಡಿಸ್ಕ್‌ನ ಅರ್ಧ ಖಾಲಿ ಇಟ್ಟುಕೊಳ್ಳಿ ಅನ್ನುವುದು. ನಿಮ್ಮಲ್ಲಿ 340 ತುಂಬಿದೆ, 160 ಖಾಲಿ. ಮಧ್ಯದಲ್ಲೇ ಡಿಸ್ಕ್ ತುಂಬಿ ನೋಡ್ ನಿಂತರೆ ಆಮೇಲೆ ಅಳುವವರು ನೀವು, ಮೇಲಿನವರಲ್ಲ.

ತುರ್ತಾಗಿ ಜಾಗ ಬೇಕೇ ಬೇಕು ಅಂದ್ರೆ ನಾಲ್ಕನೇ ನೋಡ್ ಸೇರಿಸಿ. ಪ್ರತಿ ನೋಡ್‌ನ ಪಾಲು ಮುಕ್ಕಾಲಿಗೆ ಇಳಿಯುತ್ತದೆ, 340 ಇದ್ದದ್ದು 255ರ ಹತ್ತಿರ. ಸೇರಿದ ಮೇಲೆ ಹಳೇ ನೋಡ್‌ಗಳಲ್ಲಿ ನೋಡ್‌ಟೂಲ್ ಕ್ಲೀನಪ್ ಅನ್ನುವ ಕಮಾಂಡ್ ಓಡಿಸುವುದು ಮರೆಯಬೇಡಿ. ಅದನ್ನು ಓಡಿಸದೆ ತಮ್ಮದಲ್ಲದ ಡೇಟಾವನ್ನು ಅವು ಬಿಡುವುದಿಲ್ಲ. ಒಂದೊಂದೇ ನೋಡ್‌ನಲ್ಲಿ ಓಡಿಸಿ, ಅದಕ್ಕೂ ಸ್ವಲ್ಪ ಖಾಲಿ ಜಾಗ ಬೇಕು.

ಬಿಎಂಸಿ_ಬ್ಯಾಕೆಂಡ್

ಮೇಡಂ, ತುಂಬಾ ಉಪಕಾರ. ಹೌದು, ಸೈಜ್ ಟಿಯರ್ಡ್. ನಿಮ್ಮ ಬರಹವನ್ನೇ ಮೀಟಿಂಗ್‌ನಲ್ಲಿ ಓದಿದೆ, ಡಿಲೀಟ್ ಮಾತು ಸದ್ಯಕ್ಕೆ ನಿಂತಿದೆ. ನಾಲ್ಕನೇ ನೋಡ್‌ಗೆ ಒಪ್ಪಿಗೆ ಕೇಳಿದ್ದೇವೆ.

ಹಳೇ_ಡಿಬಿಎ

ಇಲ್ಲಿಯವರೆಗೆ ಓದಿದೆ. ಮೂಲ ಪ್ರಶ್ನೆಯನ್ನೇ ಯಾರೂ ಕೇಳಲಿಲ್ಲ. 200 ಕೇಂದ್ರ, ನಾಲ್ಕು ಸೆನ್ಸರ್, ಹತ್ತು ಸೆಕೆಂಡಿಗೊಮ್ಮೆ. ಸೆಕೆಂಡಿಗೆ 80 ಬರಹ. ಇಷ್ಟಕ್ಕೆ ಡಿಸ್ಟ್ರಿಬ್ಯೂಟೆಡ್ ಡೇಟಾಬೇಸ್ ಯಾಕೆ ಬೇಕು? ಒಂದು ಪೋಸ್ಟ್‌ಗ್ರೆಸ್ (ಒಂದೇ ಮೆಷಿನ್‌ನಲ್ಲಿ ಓಡುವ ರಿಲೇಷನಲ್ ಡೇಟಾಬೇಸ್), ಅದಕ್ಕೊಂದು ಸ್ಟ್ಯಾಂಡ್‌ಬೈ (ಅದು ಕೆಟ್ಟರೆ ಬಳಸುವ ಪ್ರತಿ). ತಿಂಗಳಿಗೊಂದು ಪಾರ್ಟಿಷನ್ ಮಾಡಿ, ಹಳೇ ತಿಂಗಳು ಬೇಡವಾದಾಗ ಡ್ರಾಪ್ ಮಾಡಿ. ಆ ಕ್ಷಣವೇ ಜಾಗ ವಾಪಸ್. ಟೂಂಬ್‌ಸ್ಟೋನ್ ಇಲ್ಲ, ಹತ್ತು ದಿನ ಕಾಯುವುದಿಲ್ಲ. ಅಲ್ಲಿ ಒಂದು ಟೇಬಲ್‌ನ ಮಿತಿ 32 ಟಿಬಿ, ನೀವು ಅದರ ಹತ್ತಿರಕ್ಕೂ ಹೋಗುವುದಿಲ್ಲ.

ಕಸಾಂಡ್ರಾದಲ್ಲಿ ಜಾಯಿನ್ (ಎರಡು ಟೇಬಲ್ ಸೇರಿಸಿ ಓದುವುದು) ಇಲ್ಲ, ಒಂದೇ ಮಾಹಿತಿ ನಾಲ್ಕು ಟೇಬಲ್‌ನಲ್ಲಿ, ಇದನ್ನು ವಿನ್ಯಾಸ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಕಂಪ್ಯೂಟರ್ ವಿಜ್ಞಾನಿ ಕಾಡ್ ಅವರು 1970ರಲ್ಲಿ ರಿಲೇಷನಲ್ ಮಾದರಿ ಬರೆದದ್ದೇ ಡೇಟಾ ಹೇಗೆ ಇಟ್ಟಿದೆ ಅನ್ನುವ ಚಿಂತೆಯಿಂದ ಪ್ರೋಗ್ರಾಂ ಬರೆಯುವವರನ್ನು ಬಿಡಿಸಲಿಕ್ಕೆ. ನಾವು ಮತ್ತೆ ಅಲ್ಲಿಗೇ ಬಂದಿದ್ದೇವೆ.

ಬಿಎಂಸಿ_ಬ್ಯಾಕೆಂಡ್

ಸರ್, ನಿಮ್ಮ ಮಾತಿನಲ್ಲಿ ಹುರುಳಿದೆ. ಆದರೆ ಒಂದು ಮೆಷಿನ್ ಸತ್ತರೂ ಬರಹ ನಿಲ್ಲಬಾರದು ಅನ್ನುವುದು ನಮ್ಮ ಮೊದಲ ಷರತ್ತು, ರಾತ್ರಿ ಪಾಳಿಗೆ ನಮ್ಮಲ್ಲಿ ಜನ ಇಲ್ಲ. ಬೇರೆ ಜಿಲ್ಲೆಗಳೂ ಸೇರಿದರೆ ಕೇಂದ್ರಗಳು ಹತ್ತು ಪಟ್ಟಾಗುತ್ತವೆ.

ಹಳೇ_ಡಿಬಿಎ

ಹತ್ತು ಪಟ್ಟು ಅಂದ್ರೂ ಸೆಕೆಂಡಿಗೆ 800. ನನ್ನ ಮಾತು ಬದಲಾಗುವುದಿಲ್ಲ. ಮೆಷಿನ್ ಸತ್ತರೂ ನಿಲ್ಲಬಾರದು ಅನ್ನುವುದು ಮಾತ್ರ ಒಪ್ಪತಕ್ಕ ಕಾರಣ.

ನಾಲೆ_ಬಯಲು, ಮಂಡ್ಯ

ನಾನು ಕಂಪ್ಯೂಟರಿನವನಲ್ಲ. ನಮ್ಮೂರ ಹಾಲು ಉತ್ಪಾದಕರ ಸಂಘದಲ್ಲಿ ಕಾರ್ಯದರ್ಶಿ. ನನ್ನ ಮಗ ಈ ಚರ್ಚೆ ತೋರಿಸಿದ. ನಮ್ಮಲ್ಲೂ ಬಿಎಂಸಿ ಇದೆ, ಸೆನ್ಸರೂ ಇದೆ. ನಮ್ಮ ಕಡೆಯಿಂದ ಒಂದು ಮಾತು ಹೇಳಬಹುದಾ?

ಹತ್ತು ಸೆಕೆಂಡಿನ ಲೆಕ್ಕ ನಮಗೆ ಯಾರಿಗೂ ಬೇಡ. ನಮಗೆ ಬೇಕಿರುವುದು, ಟ್ಯಾಂಕರ್ ಬರುವ ಹೊತ್ತಿಗೆ ಹಾಲು 4 ಡಿಗ್ರಿಯಲ್ಲಿದೆಯಾ? ರಾತ್ರಿ ಕರೆಂಟ್ ಹೋದಾಗ ಜನರೇಟರ್ ಹಾಕುವುದು ಎಷ್ಟು ತಡವಾಯಿತು? ಅಷ್ಟರಲ್ಲಿ ಹಾಲು ಎಷ್ಟು ಬಿಸಿಯಾಯಿತು? ಟ್ಯಾಂಕರಿನವರು ಹಾಲು ಸರಿಯಿಲ್ಲ ಅಂತ ಬಿಟ್ಟು ಹೋದರೆ ಆ ದಿನದ ಗ್ರಾಫ್ ತೆಗೆದು ತೋರಿಸಬೇಕು. ನಷ್ಟ ಬರುವುದು ಹಾಲು ಹಾಕಿದವರ ಬಟವಾಡೆಯಲ್ಲಿ. ಗ್ರಾಫ್ ಬರಲಿಕ್ಕೆ ಐದು ನಿಮಿಷ ತಿರುಗುತ್ತಾ ಕೂತರೆ ಟ್ಯಾಂಕರ್ ಕಾಯುವುದಿಲ್ಲ.

ಇನ್ನೊಂದು. ಬೆಳಿಗ್ಗೆ ಜನ ಹಾಲು ತಂದು ಹಾಕುವಾಗ ಉಷ್ಣತೆ ಏರಲೇಬೇಕು. ಆಗತಾನೇ ಕರೆದ ಹಾಲು ಬೆಚ್ಚಗಿರುತ್ತದೆ, ತಣ್ಣನೆಯ ಹಾಲಿನ ಮೇಲೆ ಅದನ್ನೇ ಸುರಿಯುತ್ತೇವೆ. ಆ ಹೊತ್ತಿಗೆ ನಿಮ್ಮ ಮೆಷಿನ್ನು ದಿನಾ 'ಅಪಾಯ ಅಪಾಯ' ಅಂತ ಮೆಸೇಜ್ ಕಳಿಸುತ್ತದೆ. ಈಗ ಯಾರೂ ಅದನ್ನು ನೋಡುವುದೇ ಇಲ್ಲ. ನಿಜವಾಗಿ ಕಂಪ್ರೆಸರ್ ಕೆಟ್ಟ ದಿನವೂ ನೋಡುವುದಿಲ್ಲ. ಅದು ಸರಿ ಮಾಡಿ ಮೊದಲು.

ಕುವೆಂಪುನಗರ_ಕೆ

ಅಣ್ಣ, ನೀವು ಬರೆದದ್ದು ಈ ಚರ್ಚೆಯಲ್ಲಿ ಎಲ್ಲಕ್ಕಿಂತ ಉಪಯೋಗದ ಮಾತು. ಇಂಥ ಡೇಟಾಬೇಸ್‌ನಲ್ಲಿ ಟೇಬಲ್ ಬರೆಯುವ ಮೊದಲು ಬರೆಯಬೇಕಾದ್ದು ಇದೇ ಪ್ರಶ್ನೆಗಳನ್ನು. ಕೇಳುವ ಪ್ರಶ್ನೆ ಏನು ಅಂತ ಗೊತ್ತಿಲ್ಲದೆ ಕೀ ಇಡಲು ಆಗುವುದಿಲ್ಲ.

ಬಿಎಂಸಿಯವರೇ, ಅವರ ಮಾತಿನಿಂದ ವಿನ್ಯಾಸವೇ ಹೇಗೆ ಬದಲಾಗುತ್ತದೆ ನೋಡಿ. ಉಷ್ಣತೆ ಏರಿದ್ದು ತಪ್ಪೋ ಸರಿಯೋ ಅಂತ ತಿಳಿಯಲು ಅದೇ ಕ್ಷಣದ ಟ್ಯಾಂಕ್ ಮಟ್ಟ ಬೇಕು. ಮಟ್ಟವೂ ಏರುತ್ತಿದ್ದರೆ ಹಾಲು ಬೀಳುತ್ತಿದೆ. ಮಟ್ಟ ಹಾಗೇ ಇದ್ದು ಉಷ್ಣತೆ ಏರಿದರೆ, ಕಂಪ್ರೆಸರ್ ಕೂಡ ನಿಂತಿದ್ದರೆ, ಆಗ ಅಪಾಯ. ಅಂದ್ರೆ ನಾಲ್ಕೂ ರೀಡಿಂಗ್‌ಗಳನ್ನು ಯಾವಾಗಲೂ ಒಟ್ಟಿಗೇ ಓದುತ್ತೀರಿ. ಮತ್ತೆ ಯಾಕೆ ನಾಲ್ಕು ಸಾಲು? ಒಂದೇ ಸಾಲು, ನಾಲ್ಕು ಕಾಲಂ ಮಾಡಿ. ಯೂನಿಟ್ ಕಾಲಂ ತೆಗೆದುಹಾಕಿ, ಡಿಗ್ರಿ ಅಂತ ಕೋಟಿಗಟ್ಟಲೆ ಸಲ ಬರೆದಿಡುವುದರಲ್ಲಿ ಅರ್ಥವಿಲ್ಲ.

ಈಗ ದಿನಕ್ಕೆ 34,560 ಬದಲು 8,640 ಸಾಲು. ಸಾಲು ಸುಮಾರು 60 ಬೈಟ್ ಅಂದುಕೊಂಡರೆ ಕೇಂದ್ರಕ್ಕೆ ದಿನಕ್ಕೆ ಅರ್ಧ ಎಂಬಿ. ಮೊದಲಿನ ಏಳನೇ ಒಂದು ಭಾಗ.

ಒಂದು ಎಚ್ಚರ. ಯಾವುದಾದರೂ ಸೆನ್ಸರ್ ಕೆಟ್ಟು ರೀಡಿಂಗ್ ಬರದಿದ್ದರೆ ಆ ಕಾಲಂಗೆ ನಲ್ (ಖಾಲಿ ಮೌಲ್ಯ) ಬರೆಯಬೇಡಿ. ಕಸಾಂಡ್ರಾಗೆ ನಲ್ ಬರೆದರೆ ಅದೂ ಒಂದು ಟೂಂಬ್‌ಸ್ಟೋನ್. ಪ್ರಿಪೇರ್ಡ್ ಸ್ಟೇಟ್‌ಮೆಂಟ್‌ನಲ್ಲಿ (ಮೊದಲೇ ತಯಾರಿಸಿಟ್ಟ ಕ್ವೆರಿ) ಆ ಕಾಲಂ ಸೆಟ್ ಮಾಡದೆ ಬಿಡಿ.

ಪಾಂಡವಪುರ_ಪಿ

ಇಂಥ ಸಮಯದ ಡೇಟಾಕ್ಕೆಂದೇ ಮಾಡಿದ ಓಪನ್‌ಟಿಎಸ್‌ಡಿಬಿ ಇನ್ನೂ ಮುಂದೆ ಹೋಗುತ್ತದೆ. ಎಚ್‌ಬೇಸ್ ಮೇಲೆ ಒಂದು ಗಂಟೆಯ ರೀಡಿಂಗ್‌ಗಳನ್ನೆಲ್ಲ ಒಂದೇ ಸಾಲಿನಲ್ಲಿ ಇಡುತ್ತದೆ. ಎಚ್‌ಬೇಸ್‌ನಲ್ಲಿ ಪ್ರತಿ ಸೆಲ್ ಜೊತೆಗೂ ಪೂರ್ತಿ ಕೀ, ಕಾಲಂ ಫ್ಯಾಮಿಲಿ (ಕಾಲಂಗಳ ಗುಂಪು), ಕಾಲಂ ಹೆಸರು ಎಲ್ಲ ಸೇರಿ ಕೂತಿರುತ್ತದೆ. ಅಲ್ಲಿ ಹೆಸರುಗಳು ಒಂದೆರಡು ಅಕ್ಷರ ಇರುವುದು ಅದಕ್ಕೇ. ಮೊಂಗೋಡಿಬಿ ಅನ್ನುವ ಡೇಟಾಬೇಸ್‌ನಲ್ಲೂ ಪ್ರತಿ ಡಾಕ್ಯುಮೆಂಟ್‌ನಲ್ಲೂ ಫೀಲ್ಡ್ ಹೆಸರು ಇರುತ್ತದೆ. ಕಸಾಂಡ್ರಾ 3.0ರಲ್ಲಿ ಸ್ಟೋರೇಜ್ ಎಂಜಿನ್ ಹೊಸದಾಗಿ ಬರೆದ ಮೇಲೆ ಈ ಪುನರಾವರ್ತನೆ ಹೋಯಿತು. ಇವರು ಕಾಲಂಗೆ ಅರ್ಥವಾಗುವ ಹೆಸರು ಧೈರ್ಯವಾಗಿ ಇಡಬಹುದು.

ಚಾಮುಂಡಿ_ಮೆಟ್ಟಿಲು

ಹಾಗಾದರೆ ಬಕೆಟ್ ದಿನವೋ ತಿಂಗಳೋ? ದಿನಕ್ಕೆ ಅರ್ಧ ಎಂಬಿ ಅಂದ್ರೆ ತಿಂಗಳಿಗೆ 15 ಎಂಬಿ ಅಷ್ಟೇ. 100ರ ಒಳಗೇ ಇದೆಯಲ್ಲ.

ಪಾಂಡವಪುರ_ಪಿ

ತಿಂಗಳೇ ಸರಿ. ಪಾರ್ಟಿಷನ್ ಕಡಿಮೆ, ತಿಂಗಳ ವರದಿಗೆ ಒಂದೇ ಕ್ವೆರಿ.

ಕುವೆಂಪುನಗರ_ಕೆ

ಒಪ್ಪುವುದಿಲ್ಲ. ಕಾರ್ಯದರ್ಶಿಗಳು ಕೇಳುವುದು 'ಆ ದಿನದ ಗ್ರಾಫ್'. ದಿನದ ಬಕೆಟ್ ಆದರೆ ಒಂದು ಪಾರ್ಟಿಷನ್ ಓದಿದರೆ ಮುಗಿಯಿತು. ನಾಳೆ ಯಾರೋ ಹತ್ತು ಸೆಕೆಂಡಿನ ಬದಲು ಒಂದು ಸೆಕೆಂಡ್ ಮಾಡಿ ಅಂದರೆ ತಿಂಗಳ ಬಕೆಟ್ 150 ಎಂಬಿ ಆಗುತ್ತದೆ, ಮತ್ತೆ ಇದೇ ಚರ್ಚೆ. ದಿನದ ಬಕೆಟ್ ಆಗಲೂ 5 ಎಂಬಿ. ತಿಂಗಳ ವರದಿಗೆ ಕಚ್ಚಾ ರೀಡಿಂಗ್ ಯಾಕೆ ಓದಬೇಕು? ದಿನಕ್ಕೊಂದು ಸಾಲಿನ ಸಾರಾಂಶ ಟೇಬಲ್ ಇಡಿ: ಗರಿಷ್ಠ ಉಷ್ಣತೆ, 4 ಡಿಗ್ರಿ ದಾಟಿದ್ದ ಅವಧಿ, ಕರೆಂಟ್ ಇಲ್ಲದ ಅವಧಿ. ಕೇಂದ್ರಕ್ಕೆ ವರ್ಷಕ್ಕೆ 365 ಸಾಲು. ಅದಕ್ಕೆ ಬಕೆಟ್ಟೇ ಬೇಡ.

ಪಾಂಡವಪುರ_ಪಿ

ಒಂದು ಸೆಕೆಂಡಿನ ಮಾತು ಸರಿ, ಅದು ನನಗೆ ಹೊಳೆದಿರಲಿಲ್ಲ. ದಿನವೇ ಇರಲಿ.

ಮದ್ದೂರಿನವ

ದಿನ ಅಂದ್ರೆ ಯಾರ ದಿನ? ಸರ್ವರ್ ಯುಟಿಸಿಯಲ್ಲಿ (ಲೋಕದ ಮಾನಕ ಸಮಯ) ಓಡುತ್ತಿದ್ದರೆ ಹೊಸ ದಿನ ಶುರುವಾಗುವುದು ನಮ್ಮ ಬೆಳಿಗ್ಗೆ ಐದೂವರೆಗೆ. ರಾತ್ರಿ ಕರೆಂಟ್ ಹೋಗಿ ಬೆಳಿಗ್ಗೆ ಟ್ಯಾಂಕರ್ ಬರುವ ತನಕದ ಗ್ರಾಫ್ ಬೇಕು ಅಂದರೆ ಸರಿಯಾಗಿ ಮಧ್ಯದಲ್ಲೇ ಬಕೆಟ್ ತುಂಡಾಗುತ್ತದೆ. ಭಾರತದ ಸಮಯದಲ್ಲಿ ಇಟ್ಟರೆ ಮಧ್ಯರಾತ್ರಿ ತುಂಡಾಗುತ್ತದೆ. ಎರಡರಲ್ಲಿ ಯಾವುದಾದರೂ ಇರಲಿ, ಬರೆಯುವ ಕೋಡ್, ಓದುವ ಕೋಡ್ ಎರಡೂ ಒಂದೇ ಲೆಕ್ಕ ಹಿಡಿಯಬೇಕು. ಬಕೆಟ್ ಹೆಸರು ಮಾಡುವ ಫಂಕ್ಷನ್ ಒಂದೇ ಕಡೆ ಬರೆದು ಇಬ್ಬರೂ ಅದನ್ನೇ ಕರೆಯಿರಿ.

ನಾಲೆ_ಬಯಲು, ಮಂಡ್ಯ

ಮಧ್ಯಾಹ್ನ ಹನ್ನೆರಡಕ್ಕೆ ದಿನ ಶುರು ಮಾಡಿದರೆ ಆಗುವುದಿಲ್ಲವಾ? ಸಂಜೆ ಹಾಲು, ರಾತ್ರಿ, ಬೆಳಗಿನ ಹಾಲು, ಟ್ಯಾಂಕರ್ ಎಲ್ಲ ಒಟ್ಟಿಗೆ ಬರುತ್ತದೆ. ಮಧ್ಯಾಹ್ನ ಟ್ಯಾಂಕು ಹೇಗೂ ಖಾಲಿ, ತೊಳೆದು ಇಟ್ಟಿರುತ್ತೇವೆ.

ಕುವೆಂಪುನಗರ_ಕೆ

ಆಗುತ್ತದೆ ಅಣ್ಣ. ತುಂಬಾ ಚೆನ್ನಾಗಿ ಆಗುತ್ತದೆ. ಟ್ಯಾಂಕ್ ಖಾಲಿ ಇರುವ ಹೊತ್ತಿನಲ್ಲೇ ಬಕೆಟ್ ಮುಗಿಯಬೇಕು. ಬಿಎಂಸಿಯವರೇ, ಎಲ್ಲ ಕೇಂದ್ರದಲ್ಲೂ ಮಧ್ಯಾಹ್ನ ಖಾಲಿ ಇರುತ್ತದಾ ಅಂತ ನಿಮ್ಮ ಮಟ್ಟದ ಸೆನ್ಸರ್ ಡೇಟಾದಲ್ಲೇ ನೋಡಿ.

ಬಿಎಂಸಿ_ಬ್ಯಾಕೆಂಡ್

ನೋಡಿದೆ. ಬಹುಪಾಲು ಕೇಂದ್ರಗಳಲ್ಲಿ ಮಧ್ಯಾಹ್ನ ಖಾಲಿ. ಕೆಲವು ಕಡೆ ಟ್ಯಾಂಕರ್ ದಿನ ಬಿಟ್ಟು ದಿನ ಬರುತ್ತದೆ, ಅಲ್ಲಿ ಎರಡು ಬಕೆಟ್ ಓದಬೇಕು, ಅಷ್ಟೇ. ಮಧ್ಯಾಹ್ನ ಹನ್ನೆರಡರಿಂದ ಹನ್ನೆರಡು, ಭಾರತದ ಸಮಯ. ಇದನ್ನೇ ಇಡುತ್ತೇವೆ. ಕಾರ್ಯದರ್ಶಿಗಳಿಗೆ ನಮಸ್ಕಾರ. ಮೆಸೇಜ್ ತೊಂದರೆಯನ್ನು ಈ ವಾರವೇ ಕೈಗೆತ್ತಿಕೊಳ್ಳುತ್ತೇವೆ.

'ಇವತ್ತು ಯಾವ್ಯಾವ ಕೇಂದ್ರದಲ್ಲಿ ಅಪಾಯ ಇತ್ತು' ಅಂತ ನಮ್ಮ ಕಚೇರಿಯಲ್ಲಿ ಒಂದು ಪರದೆ ಇದೆ. ಈಗ ಅದು ಅಲೌ ಫಿಲ್ಟರಿಂಗ್ ಹಾಕಿ ಓಡುತ್ತಿದೆ. ಅದನ್ನೇನು ಮಾಡಲಿ?

ಪಾಂಡವಪುರ_ಪಿ

ಬೆಳಿಗ್ಗೆ ನಿಧಾನ ಯಾಕೆ ಅನ್ನುವುದಕ್ಕೆ ಪೂರ್ತಿ ಉತ್ತರ ಈಗ ಸಿಕ್ಕಿತು. ಅಲೌ ಫಿಲ್ಟರಿಂಗ್ ಅಂದ್ರೆ ಎಲ್ಲ ನೋಡ್‌ನ ಎಲ್ಲ ಪಾರ್ಟಿಷನ್ ಓದಿ ಬೇಡದ್ದನ್ನು ಬಿಸಾಡುವುದು. ಅಪಾಯಗಳಿಗೆ ಬೇರೆ ಟೇಬಲ್ ಮಾಡಿ. ಅಲ್ಲಿ ಪಾರ್ಟಿಷನ್ ಕೀ ಬರೀ ದಿನ, ಕ್ಲಸ್ಟರಿಂಗ್ ಸಮಯ ಮತ್ತು ಕೇಂದ್ರ. ರೀಡಿಂಗ್ ಟೇಬಲ್‌ಗೆ ಬೇಡ ಅಂದ ಅದೇ ಕೀ ಇಲ್ಲಿ ಸರಿಹೋಗುತ್ತದೆ. ದಿನಕ್ಕೆ ಹತ್ತಿಪ್ಪತ್ತು ಸಾಲು ಬಂದರೆ ಹಾಟ್ ಪಾರ್ಟಿಷನ್ (ಎಲ್ಲ ಹೊರೆ ಒಂದೇ ಪಾರ್ಟಿಷನ್ ಮೇಲೆ ಬೀಳುವುದು) ಮಾತೇ ಇಲ್ಲ.

ಹಳೇ_ಡಿಬಿಎ

ನೋಡಿ, ಮೂರನೇ ಟೇಬಲ್ ಬಂತು. ಒಂದರಲ್ಲಿ ಬರೆದು ಇನ್ನೊಂದರಲ್ಲಿ ಬರೆಯುವ ಮುಂಚೆ ಪ್ರೋಗ್ರಾಂ ಸತ್ತರೆ? ರೀಡಿಂಗ್‌ನಲ್ಲಿ 9 ಡಿಗ್ರಿ ಇದೆ, ಅಪಾಯದ ಪಟ್ಟಿಯಲ್ಲಿ ಇಲ್ಲ. ಆ ದಿನ ಯಾರು ಜವಾಬ್ದಾರಿ?

ಕುವೆಂಪುನಗರ_ಕೆ

ಸರ್, ಇದಕ್ಕೆ ಲಾಗ್ಡ್ ಬ್ಯಾಚ್ ಇದೆ. ಎರಡೂ ಬರಹ ಕೊನೆಗೆ ಆಗೇ ಆಗುತ್ತವೆ, ಆದರೆ ಬೆಲೆ ಹೆಚ್ಚು, ಪ್ರತಿ ರೀಡಿಂಗ್‌ಗೂ ಹಾಕಬಾರದು. ಅಪಾಯ ಬಂದಾಗ ಮಾತ್ರ ಹಾಕಿದರೆ ಏನೂ ತೊಂದರೆಯಿಲ್ಲ. ನೀವು ಕೇಳಿದ ಪ್ರಶ್ನೆ ಸರಿಯಾದದ್ದೇ. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಟ್ರಾನ್ಸಾಕ್ಷನ್‌ನಲ್ಲಿ ಮುಗಿಯುತ್ತಿದ್ದ ಕೆಲಸ ಇದು. ಹೊಸದಾಗಿ ಶುರು ಮಾಡುವವರಿಗೆ ನಾನೂ ಅದನ್ನೇ ಹೇಳುತ್ತಿದ್ದೆ. ಎರಡು ವರ್ಷದಿಂದ ಓಡುತ್ತಿರುವುದನ್ನು ಕಿತ್ತುಹಾಕಿ ಅಂತ ಹೇಳಲಾರೆ.

ಮದ್ದೂರಿನವ

ಒಂದು ಭಾನುವಾರ ಎಲ್ಲರೂ ಮದ್ದೂರಿಗೆ ಬನ್ನಿ. ವಡೆ ನನ್ನದು. ಡಿಬಿಎ ಸರ್ ಮತ್ತು ಮೇಡಂ ಎದುರಾಬದುರು ಕೂತು ಮಾತಾಡಲಿ, ನಾವು ಕೇಳುತ್ತೇವೆ.

ರಿಂಗ್‌ರೋಡ್

ಎಕ್ಸ್‌ಪ್ರೆಸ್‌ವೇ ಆದ ಮೇಲೆ ಮದ್ದೂರಿನಲ್ಲಿ ಯಾರು ನಿಲ್ಲಿಸುತ್ತಾರೆ? ಬೈಪಾಸ್‌ನಲ್ಲೇ ಹೋಗಿಬಿಡುತ್ತಾರೆ.

ಮದ್ದೂರಿನವ

ವಡೆ ಬೇಕಾದವರು ಕೆಳಗೆ ಇಳಿದು ಬರುತ್ತಾರೆ. ರೈಲೂ ಇದೆ.

ಬಿಎಂಸಿ_ಬ್ಯಾಕೆಂಡ್

ನಾನು ಬರುತ್ತೇನೆ. ಕೊನೆಯದಾಗಿ ಹಳೇ ಡೇಟಾ ಹೊಸ ಟೇಬಲ್‌ಗೆ ಹೇಗೆ ಸಾಗಿಸಲಿ? ಇರುವ ಟೇಬಲ್‌ನಲ್ಲೇ ಆಲ್ಟರ್ ಮಾಡಿ ಪ್ರೈಮರಿ ಕೀ (ಪಾರ್ಟಿಷನ್ ಕೀ, ಕ್ಲಸ್ಟರಿಂಗ್ ಕಾಲಂ ಸೇರಿದ್ದು) ಬದಲಾಯಿಸಲು ಆಗುವುದಿಲ್ಲ ಅಂತ ಗೊತ್ತು. ಕಚ್ಚಾ ರೀಡಿಂಗ್ 90 ದಿನ ಇದ್ದರೆ ಸಾಕು, ಸಾರಾಂಶ ಮಾತ್ರ ಶಾಶ್ವತ ಅಂತ ಮೇಲಿನವರೂ ಒಪ್ಪಿದ್ದಾರೆ.

ಕುವೆಂಪುನಗರ_ಕೆ

90 ದಿನ ಸಾಕು ಅಂದ್ರೆ ಸಾಗಿಸಲೇಬೇಡಿ.

ಹೊಸ ಟೇಬಲ್‌ಗೆ ತಾನಾಗಿ ಅನ್ವಯಿಸುವ ಟಿಟಿಎಲ್ (ಡೇಟಾ ಬದುಕುವ ಅವಧಿ) 90 ದಿನ ಇಡಿ, ಕಂಪ್ಯಾಕ್ಷನ್ ಟೈಮ್ ವಿಂಡೋ (ಒಂದೇ ಅವಧಿಯಲ್ಲಿ ಬರೆದದ್ದನ್ನು ಮಾತ್ರ ಕೂಡಿಸುವ ಬಗೆ). ವಿಂಡೋ ಮೂರು ದಿನ ಇಟ್ಟರೆ ಸುಮಾರು ಮೂವತ್ತು ವಿಂಡೋ ಆಗುತ್ತದೆ, ಅದು ಹಿತವಾದ ಸಂಖ್ಯೆ. ಒಂದು ವಿಂಡೋದ ಫೈಲ್‌ನಲ್ಲಿ ಇರುವುದೆಲ್ಲ ಅವಧಿ ಮುಗಿದು ಜಿಸಿ ಗ್ರೇಸ್ ಕೂಡ ಕಳೆದರೆ ಫೈಲನ್ನೇ ಪೂರ್ತಿ ಬಿಸಾಡುತ್ತದೆ. ಹಳೆಯದರ ಜೊತೆ ಕೂಡಿಸಿ ಮತ್ತೆ ಬರೆಯುವ ಗೋಜಿಲ್ಲ. ಜಾಗದ ಲೆಕ್ಕವೂ ಸುಲಭ. ದಿನಕ್ಕೆ ನೋಡ್‌ಗೆ ಸುಮಾರು 100 ಎಂಬಿ, 90 ದಿನ ಮತ್ತು ಗ್ರೇಸ್‌ನ ಹತ್ತು ದಿನ ಸೇರಿ 10 ಜಿಬಿ ಆಸುಪಾಸು, ಅದೂ ಕಂಪ್ರೆಷನ್‌ಗೆ ಮುಂಚೆ. ಈ ಟೇಬಲ್‌ನಲ್ಲಿ ಕೈಯಾರೆ ಡಿಲೀಟ್ ಮಾಡಬೇಡಿ, ಬೇರೆ ಬೇರೆ ಟಿಟಿಎಲ್ ಬೆರೆಸಬೇಡಿ. ಮಾಡಿದರೆ ಫೈಲ್‌ಗಳು ಒಂದಕ್ಕೊಂದು ಅಡ್ಡ ಬಂದು ಬಿಸಾಡುವುದು ನಿಂತುಹೋಗುತ್ತದೆ.

ಹಳೆಯದನ್ನು ಇದಕ್ಕೆ ಸುರಿದರೆ ತೊಂದರೆ ಇರುವುದು ಇಲ್ಲೇ. ಇವತ್ತು ಬರೆದದ್ದು ಇವತ್ತಿನ ವಿಂಡೋಗೆ ಬೀಳುತ್ತದೆ. ಹಳೇ ಟೈಮ್‌ಸ್ಟ್ಯಾಂಪ್ ಕೊಟ್ಟು ಬರೆದರೂ ಹೊಸ ಬರಹದ ಜೊತೆ ಒಂದೇ ಮೆಮ್‌ಟೇಬಲ್‌ನಲ್ಲಿ (ಡಿಸ್ಕ್‌ಗೆ ಹೋಗುವ ಮುಂಚೆ ಮೆಮೊರಿಯಲ್ಲಿ ಇರುವ ಜಾಗ) ಕೂಡಿ ಒಂದೇ ಫೈಲ್ ಆಗುತ್ತದೆ. ಹಾಗಾಗಿ ಇಂದಿನಿಂದ ಹೊಸದಕ್ಕೆ ಮಾತ್ರ ಬರೆಯಿರಿ. ಬದಲಾದ ದಿನಕ್ಕಿಂತ ಹಿಂದಿನದು ಕೇಳಿದರೆ ಹಳೇ ಟೇಬಲ್ ಓದಲಿ. ಈ ನಡುವೆ ಹಳೆಯದರಿಂದ ನಿಧಾನವಾಗಿ ದಿನದ ಸಾರಾಂಶ ಲೆಕ್ಕ ಹಾಕಿಕೊಳ್ಳಿ, ರಾತ್ರಿ ಹೊತ್ತು, ಒಂದೊಂದೇ ಕೇಂದ್ರ. 90 ದಿನದ ಮೇಲೆ ಹಳೇ ಟೇಬಲ್ ಡ್ರಾಪ್.

ಪಾಂಡವಪುರ_ಪಿ

ಡ್ರಾಪ್ ಮಾಡಿದ ಮೇಲೆ ಡಿಸ್ಕ್ ಕಡಿಮೆಯಾಗಲಿಲ್ಲ ಅಂತ ಗಾಬರಿಯಾಗಬೇಡಿ. ಆಟೋ ಸ್ನಾಪ್‌ಶಾಟ್ ತಾನಾಗಿ ಆನ್ ಇರುತ್ತದೆ. ಡ್ರಾಪ್ ಆಗಲಿ ಟ್ರಂಕೇಟ್ (ಟೇಬಲ್ ಖಾಲಿ ಮಾಡುವುದು) ಆಗಲಿ, ಮೊದಲು ಆ ಕ್ಷಣದ ಪ್ರತಿಯಾಗಿ ಒಂದು ಸ್ನಾಪ್‌ಶಾಟ್ ತೆಗೆದಿಡುತ್ತದೆ, ಹಾಗಾಗಿ 340 ಜಿಬಿ ಅಲ್ಲೇ ಕೂತಿರುತ್ತದೆ. ಸಾರಾಂಶದ ಅಂಕಿಗಳನ್ನು ಒಮ್ಮೆ ತಾಳೆ ನೋಡಿ, ಆಮೇಲೆ ಪ್ರತಿ ನೋಡ್‌ನಲ್ಲೂ ನೋಡ್‌ಟೂಲ್ ಕ್ಲಿಯರ್‌ಸ್ನಾಪ್‌ಶಾಟ್ ಓಡಿಸಿ.

ಬಿಎಂಸಿ_ಬ್ಯಾಕೆಂಡ್

ಬರೆದುಕೊಂಡೆ. ಹೊಸ ಟೇಬಲ್ ಸೋಮವಾರ ಟೆಸ್ಟ್ ಕ್ಲಸ್ಟರ್‌ನಲ್ಲಿ, ಹತ್ತು ಕೇಂದ್ರಗಳ ರೀಡಿಂಗ್ ಹಾಕಿ ನೋಡುತ್ತೇವೆ. ನಾಲೆ ಬಯಲು ಅಣ್ಣ, ನಿಮ್ಮ ಸಂಘವನ್ನೂ ಆ ಹತ್ತರಲ್ಲಿ ಸೇರಿಸಲಾ?

ನಾಲೆ_ಬಯಲು, ಮಂಡ್ಯ

ಸೇರಿಸಿ. ಆದರೆ ಮೆಸೇಜ್ ನನ್ನೊಬ್ಬನಿಗೇ ಕಳಿಸಬೇಡಿ. ರಾತ್ರಿ ಜನರೇಟರ್ ನೋಡುವ ಹುಡುಗನ ನಂಬರಿಗೂ ಹೋಗಬೇಕು.